ಪೆಟ್ಟಿಗೆಯ ಮೇಲೆ ಲಕ್ಷ ವೋಲ್ಟ್, ಅಳತೆಯಲ್ಲಿ ಏಳು ಮಿಲಿಮೀಟರ್: ಒಂದು ಕಿಡಿ-ಸುರುಳಿ ಕಿಟ್‌ನ ವಿಮರ್ಶೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಳೆದ ತಿಂಗಳು 2,350 ರೂಪಾಯಿ ಕೊಟ್ಟು ಕೊಂಡ ಹೈ ವೋಲ್ಟೇಜ್ ಪ್ರಯೋಗಗಳ ಕಿಟ್ ಒಂದನ್ನು ಮೂರು ವಾರ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿಲ್ಲ. ಬಿಡಿಭಾಗಗಳನ್ನು ತಾವೇ ಕೂಡಿಸಿ ಕಟ್ಟಿಸಿದ್ದೆಂದು ಅಂಗಡಿಯವರು ಕೇಳಿದಾಗ ಒಪ್ಪಿಕೊಂಡರು. ಆದರೆ ಕೆಂಪು ಬಣ್ಣದಲ್ಲಿ ‘1,00,000 ವೋಲ್ಟ್’ ಎಂದು ದಪ್ಪಗೆ ಅಚ್ಚಾಗಿದೆ, ಅದರ ಕೆಳಗೆ ಎರಡು ಸೂಜಿಮೊನೆಗಳ ನಡುವೆ ನೇರಳೆ ಕಿಡಿ ಹಾರುತ್ತಿರುವ ಚಿತ್ರವಿದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ವಿದ್ಯುತ್ ಹೊತ್ತೊಯ್ದ ತಂತಿಗಳಲ್ಲಿದ್ದದ್ದು ಮೂವತ್ತು-ಮೂವತ್ತೈದು ಸಾವಿರ ವೋಲ್ಟ್. ಅದರ ಮೂರರಷ್ಟು ಒತ್ತಡ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆಂದರೆ ಸಂಶಯಪಡದೆ ಇರುವುದು ಕಷ್ಟ. ಆ ಸಂಶಯವನ್ನು ಪರಿಹರಿಸಿಕೊಳ್ಳಲು ಬೇಕಾದ ಉಪಕರಣವೂ ಅದೇ ಪೆಟ್ಟಿಗೆಯೊಳಗಿದೆ ಎಂಬುದೇ ಈ ಕಿಟ್‌ನ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು.

ಒಳಗಿರುವ ಸಾಮಾನುಗಳು ಇವು. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇರುತ್ತಿದ್ದಂಥ, ಎಣ್ಣೆ ತುಂಬಿದ ತಗಡಿನ ಡಬ್ಬಿಯ 12 ವೋಲ್ಟ್ ಇಗ್ನಿಷನ್ ಕಾಯಿಲ್ (ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ಹುಟ್ಟಿಸುವ ಸುರುಳಿ) ಒಂದು. ಅದನ್ನು ನಡೆಸಲು ತಾಳ ಹಾಕುವ 555 ಟೈಮರ್ ಐಸಿ, ಆ ತಾಳಕ್ಕೆ ತಕ್ಕಂತೆ ವಿದ್ಯುತ್ತನ್ನು ಹರಿಸಿ ಕಡಿಯುವ ಎಲೆಕ್ಟ್ರಾನಿಕ್ ಸ್ವಿಚ್ಚಾದ ಒಂದು ಮಾಸ್ಫೆಟ್ ಮತ್ತು ವೇಗ ಬದಲಿಸುವ ನಾಬ್ ಇರುವ ಬೋರ್ಡ್. ಅಕ್ರಿಲಿಕ್ ಪೀಠದ ಮೇಲೆ ಎದುರುಬದುರು ನಿಂತ, ಎರಡು ಸೆಂಟಿಮೀಟರ್ ವ್ಯಾಸದ ಎರಡು ಹಿತ್ತಾಳೆ ಗುಂಡುಗಳು. ಇವುಗಳ ನಡುವಿನ ಜಾಗವೇ ಕಿಡಿಯಂತರ. ಪಿವಿಸಿ ಪೈಪಿನ ಮೇಲೆ ಸುಮಾರು 700 ಸುತ್ತು ಎನಾಮಲ್ ತಂತಿ ಸುತ್ತಿದ ಟೆಸ್ಲಾ ಸುರುಳಿ, ಅದರ ಬುಡಕ್ಕೆ 22 ಸುತ್ತಿನ ದಪ್ಪ ತಂತಿಯ ಪ್ರಾಥಮಿಕ ಸುರುಳಿ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ, ನೀಲಿ ಬಣ್ಣದ ಎರಡು ಸೆರಾಮಿಕ್ ಕೆಪಾಸಿಟರ್‌ಗಳು. ಒಂದು ಹಳೆಯ ಸ್ಪೀಕರಿನ ಉಂಗುರ ಅಯಸ್ಕಾಂತ, ನಾಲ್ಕು ನಿಯೋಡಿಮಿಯಂ ಬಿಲ್ಲೆಗಳು, ಎರಡು ದಿಕ್ಸೂಚಿಗಳು, ಒಂದು ನಿಯಾನ್ ದೀಪ, ಮತ್ತು ನಾಲ್ಕು ಪುಟಗಳ ಸೂಚನಾಪತ್ರ. ವಿದ್ಯುತ್ ಪೂರೈಕೆ ಇದರಲ್ಲಿ ಸೇರಿಲ್ಲ. 12 ವೋಲ್ಟ್, 5 ಆಂಪಿಯರಿನ ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕೆಂಬುದನ್ನು ಪೆಟ್ಟಿಗೆಯ ಮೇಲೆ ಹೇಳಿದ್ದರೆ ನನಗೆ ಎರಡನೆಯ ಸಲ ಅಷ್ಟು ದೂರ ಹೋಗುವುದು ತಪ್ಪುತ್ತಿತ್ತು.

ಇಗ್ನಿಷನ್ ಕಾಯಿಲನ್ನು ಆರಿಸಿಕೊಂಡದ್ದು ಒಳ್ಳೆಯ ನಿರ್ಧಾರ. ಇದು ಮೂಲತಃ ಹತ್ತೊಂಬತ್ತನೆಯ ಶತಮಾನದ ಪ್ರೇರಣ ಸುರುಳಿಯೇ. 1836ರಲ್ಲಿ ಐರ್ಲೆಂಡಿನ ಮೇನೂತ್‌ನಲ್ಲಿ ನಿಕೊಲಸ್ ಕ್ಯಾಲನ್ ಎಂಬ ಪಾದ್ರಿ ಇದರ ಮೊದಲ ರೂಪವನ್ನು ಮಾಡಿದ್ದರು. 1850ರ ದಶಕದಲ್ಲಿ ಪ್ಯಾರಿಸ್ಸಿನ ಉಪಕರಣ ತಯಾರಕ ರುಮ್‌ಕಾರ್ಫ್ ಅದನ್ನು ಎಷ್ಟು ಅಚ್ಚುಕಟ್ಟಾಗಿ ತಯಾರಿಸಿದನೆಂದರೆ ಅವನ ಹೆಸರೇ ಅದಕ್ಕೆ ಅಂಟಿಕೊಂಡಿತು. ತತ್ತ್ವ ಸರಳ: ಕಬ್ಬಿಣದ ಗರ್ಭದ ಮೇಲೆ ಕೆಲವೇ ಸುತ್ತಿನ ದಪ್ಪ ತಂತಿ, ಅದರೊಂದಿಗೆ ಸಾವಿರಾರು ಸುತ್ತಿನ ಸಣ್ಣ ತಂತಿ. ದಪ್ಪ ತಂತಿಯಲ್ಲಿ ಹರಿಯುವ ವಿದ್ಯುತ್ತು ಗರ್ಭದಲ್ಲಿ ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಆ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಕ್ಷೇತ್ರ ಕುಸಿಯುತ್ತದೆ, ಕುಸಿಯುವ ಆ ಗಳಿಗೆಯಲ್ಲಿ ಸಣ್ಣ ತಂತಿಯ ತುದಿಗಳ ನಡುವೆ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಕಿಡಿ ಹಾರುವುದು ಸ್ವಿಚ್ ಒತ್ತಿದಾಗ ಅಲ್ಲ, ಬಿಟ್ಟಾಗ. ನನ್ನ ತಂಗಿಯ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ; ಫ್ಯಾರಡೆಯ ನಿಯಮವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ ಆ ಹುಡುಗಿಗೆ ಈ ಒಂದು ಸಂಗತಿ ಮೂರು ಸಲ ಕಣ್ಣಾರೆ ನೋಡುವವರೆಗೂ ನಂಬಿಕೆಯಾಗಲಿಲ್ಲ.

ಈಗ ಪೆಟ್ಟಿಗೆಯ ಸಂಖ್ಯೆಯ ವಿಚಾರಕ್ಕೆ ಬರುತ್ತೇನೆ. ಗಾಳಿ ಒಳ್ಳೆಯ ಅವಾಹಕವೇ ಆದರೂ ಅದರ ತಾಳ್ಮೆಗೆ ಮಿತಿಯಿದೆ. ಸಮುದ್ರಮಟ್ಟದಲ್ಲಿ, ಕ್ಷೇತ್ರ ಸಮನಾಗಿ ಹರಡಿರುವಾಗ, ಪ್ರತಿ ಮಿಲಿಮೀಟರಿಗೆ ಸುಮಾರು ಮೂರು ಸಾವಿರ ವೋಲ್ಟ್ ತಲುಪಿದೊಡನೆ ಅದು ಸೀಳಿಕೊಳ್ಳುತ್ತದೆ. ಈ ಕಾರಣಕ್ಕೇ ನಯವಾದ ಎರಡು ಗೋಲಗಳ ನಡುವಿನ ಅಂತರವನ್ನು ಹೈ ವೋಲ್ಟೇಜ್ ಪ್ರಯೋಗಾಲಯಗಳು ಬಹುಕಾಲದಿಂದ ವೋಲ್ಟ್‌ಮೀಟರಿನ ಹಾಗೆ ಬಳಸುತ್ತ ಬಂದಿವೆ, ಅದಕ್ಕೆ ಅಂತಾರಾಷ್ಟ್ರೀಯ ಮಾನಕದ ಕೋಷ್ಟಕಗಳೂ ಇವೆ. ಕಿಟ್‌ನಲ್ಲಿರುವ ಗುಂಡುಗಳು ಆ ಕೋಷ್ಟಕದಲ್ಲಿ ಬರುವ ಎರಡು ಸೆಂಟಿಮೀಟರ್ ಗಾತ್ರದವೇ ಆಗಿರುವುದು ಅಂಗಡಿಯವರ ಉದ್ದೇಶವೋ ಕಾಕತಾಳೀಯವೋ ಗೊತ್ತಿಲ್ಲ; ಆದರೆ ಇಡೀ ಕಿಟ್‌ನಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಇದೇ. ಒಂದು ಗುಂಡು ಸ್ಥಿರವಾಗಿದೆ, ಇನ್ನೊಂದು 6 ಮಿಲಿಮೀಟರಿನ ಸಾಮಾನ್ಯ ಬೋಲ್ಟಿನ ತುದಿಗೆ ಕೂತಿದೆ. ಈ ಅಳತೆಯ ಬೋಲ್ಟಿನ ಮರೆ (ಥ್ರೆಡ್) ಒಂದು ಸುತ್ತಿಗೆ ಸರಿಯಾಗಿ ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ. ಗುಂಡುಗಳು ಒಂದಕ್ಕೊಂದು ತಾಗುವವರೆಗೆ ತಿರುಗಿಸಿ, ಅಲ್ಲಿಂದ ಸುತ್ತುಗಳನ್ನು ಎಣಿಸುತ್ತ ಹಿಂದೆ ಬಂದರೆ ಅಂತರ ಎಷ್ಟೆಂದು ತಿಳಿಯಲು ಅಳತೆಪಟ್ಟಿಯೂ ಬೇಡ.

ಬೋರ್ಡನ್ನು ಅಂಗಡಿಯವರು ಕೊಟ್ಟ ಹಾಗೆಯೇ ಜೋಡಿಸಿ ನಡೆಸಿದಾಗ ಕಿಡಿ ನಿರಂತರವಾಗಿ ಹಾರಿದ್ದು ಮೂರೂವರೆ ಸುತ್ತಿನವರೆಗೆ, ಅಂದರೆ ಮೂರೂವರೆ ಮಿಲಿಮೀಟರ್. ನಾಲ್ಕಕ್ಕೆ ಹೋದರೆ ಮೌನ. ಕೋಷ್ಟಕದ ಪ್ರಕಾರ ಈ ಅಂತರಕ್ಕೆ ಸಮುದ್ರಮಟ್ಟದಲ್ಲಿ ಹನ್ನೆರಡೂವರೆ ಸಾವಿರ ವೋಲ್ಟಿನ ಆಸುಪಾಸು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು, ಆದ್ದರಿಂದ ಅದೇ ಅಂತರವನ್ನು ದಾಟಲು ಕಿಡಿಗೆ ಅಷ್ಟೇ ಪಾಲು ಕಡಿಮೆ ಒತ್ತಡ ಸಾಕು. ಈ ತಿದ್ದುಪಡಿ ಮಾಡಿದರೆ ಉಳಿಯುವುದು ಹನ್ನೊಂದು ಸಾವಿರ ಚಿಲ್ಲರೆ. ಲಕ್ಷಕ್ಕೆ ಹನ್ನೊಂದು ಸಾವಿರ! ಬೀದಿಯಲ್ಲಿ ಹೋಗುವ ನಮ್ಮ ಎಚ್‌ಟಿ (ಹೈ ಟೆನ್ಷನ್) ಲೈನಿನಲ್ಲೂ ಅಷ್ಟೇ ಇರುತ್ತದೆ ಎಂದು ನೆನೆದಾಗ ನಗು ಬಂತು.

ಹಾಗಾದರೆ ಪೆಟ್ಟಿಗೆಯ ಚಿತ್ರದಲ್ಲಿರುವ ಉದ್ದನೆಯ ಕಿಡಿ ಸುಳ್ಳೇ? ಅಲ್ಲ. ಅದು ಸೂಜಿಗಳ ಮಹಿಮೆ. ಮೊನಚಾದ ತುದಿಯಲ್ಲಿ ವಿದ್ಯುತ್ ಕ್ಷೇತ್ರ ದಟ್ಟೈಸುವುದರಿಂದ ಅಲ್ಲಿನ ಗಾಳಿ ಮೊದಲೇ ಶಿಥಿಲವಾಗುತ್ತದೆ, ಕಿಡಿ ಅಷ್ಟೇ ಒತ್ತಡದಲ್ಲಿ ಹೆಚ್ಚು ದೂರ ಜಿಗಿಯುತ್ತದೆ. ಮುಂದೆ ಹೇಳುವ ರಿಪೇರಿಯ ನಂತರ ನಾನು ಇದನ್ನು ಬೇಕೆಂದೇ ಹೋಲಿಸಿ ನೋಡಿದೆ: ಗುಂಡುಗಳ ನಡುವೆ ಏಳು ಮಿಲಿಮೀಟರ್ ದಾಟುತ್ತಿದ್ದ ಕಿಡಿ, ಎರಡು ಹೊಲಿಗೆ ಸೂಜಿಗಳನ್ನು ಕಟ್ಟಿದಾಗ ಹದಿನೇಳು ಮಿಲಿಮೀಟರ್ ದಾಟಿತು. ಕಾಯಿಲ್ ಅದೇ, ಅಡಾಪ್ಟರ್ ಅದೇ, ನಾಬ್ ಅದೇ ಜಾಗದಲ್ಲಿ. ಕಿಡಿಯ ಉದ್ದ ತೋರಿಸಿ ವೋಲ್ಟ್ ಮಾರುವವರು ಸೂಜಿಯನ್ನೇ ಏಕೆ ಬಳಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು, ಆದರೆ ಸೂಚನಾಪತ್ರದಲ್ಲಿ ಈ ಪ್ರಯೋಗದ ಸುಳಿವೇ ಇಲ್ಲ.

ರಿಪೇರಿಯ ಕಥೆ ಹೀಗೆ. ಮೊದಲ ಸಂಜೆಯೇ, ಏಳೆಂಟು ನಿಮಿಷ ನಡೆಸುವಷ್ಟರಲ್ಲಿ, ಮಾಸ್ಫೆಟ್ ಕೈಯಿಟ್ಟರೆ ಸುಡುವಷ್ಟು ಬಿಸಿಯಾಗಿ, ಒಂದು ಸಣ್ಣ ಚಟ್ ಸದ್ದಿನೊಂದಿಗೆ ಸತ್ತುಹೋಯಿತು. ಬಿಚ್ಚಿ ನೋಡಿದರೆ ಅದು ನೂರು ವೋಲ್ಟ್ ತಾಳುವ ಐಆರ್‌ಎಫ್ 540. ಇಲ್ಲಿಯೇ ಎಲ್ಲ ಗುಟ್ಟೂ ಇತ್ತು. ಇಂಥ ಕಾಯಿಲ್‌ಗಳಲ್ಲಿ ಎರಡು ಸುರುಳಿಗಳ ಸುತ್ತುಗಳ ಅನುಪಾತ ಸಾಮಾನ್ಯವಾಗಿ ಒಂದಕ್ಕೆ ನೂರರ ಆಸುಪಾಸಿನಲ್ಲಿರುತ್ತದೆ. ವಿದ್ಯುತ್ತು ಕಡಿದಾಗ ದಪ್ಪ ಸುರುಳಿಯಲ್ಲಿಯೂ ಮುನ್ನೂರು-ನಾನ್ನೂರು ವೋಲ್ಟ್ ಏಳಬೇಕು. ಆಗ ಮಾತ್ರ ಸಣ್ಣ ಸುರುಳಿಯಲ್ಲಿ ಅದರ ನೂರರಷ್ಟು ಬರುತ್ತದೆ. ನೂರು ವೋಲ್ಟಿನ ಮಾಸ್ಫೆಟ್ ಇಟ್ಟರೆ ನೂರಿಪ್ಪತ್ತರ ಹೊತ್ತಿಗೇ ಅದು ಸೋತು ಬಾಗಿಲು ತೆರೆದುಬಿಡುತ್ತದೆ, ಕಿಡಿಗೆ ಹೋಗಬೇಕಾದ ಶಕ್ತಿ ಅದರ ಮೈಯಲ್ಲಿ ಬಿಸಿಯಾಗಿ ಮುಗಿಯುತ್ತದೆ. ನೂರಿಪ್ಪತ್ತನ್ನು ನೂರರಿಂದ ಗುಣಿಸಿದರೆ ಹನ್ನೆರಡು ಸಾವಿರ. ಹಿತ್ತಾಳೆ ಗುಂಡುಗಳು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಎರಡು ಬೇರೆ ದಾರಿಯಲ್ಲಿ ಹೊರಟ ಲೆಕ್ಕ ಒಂದೇ ಕಡೆ ಬಂದು ನಿಂತಾಗ ಆಗುವ ಸಂತೋಷವನ್ನು, ಸತ್ತ ಮಾಸ್ಫೆಟ್ಟಿನ ಬೇಸರದ ನಡುವೆಯೂ, ನಾನು ಮುಚ್ಚಿಡಲಾರೆ.

ಅದರ ಬದಲು ಐನೂರು ವೋಲ್ಟ್ ತಾಳುವ ಐಆರ್‌ಎಫ್ 840 ಹಾಕಿದೆ. ಪಕ್ಕದ ಜೆ.ಸಿ. ರಸ್ತೆಯ ವಾಹನಗಳ ಬಿಡಿಭಾಗದ ಅಂಗಡಿಯೊಂದರಲ್ಲಿ, ಪಾಯಿಂಟ್ (ಕಾಯಿಲಿನ ವಿದ್ಯುತ್ತನ್ನು ಕಡಿಯುವ ಲೋಹದ ಸ್ವಿಚ್) ಇರುವ ಹಳೆಯ ಗಾಡಿಗಳಿಗೆ ಹಾಕುವ ಕಂಡೆನ್ಸರ್, ಅಂದರೆ ಕೆಪಾಸಿಟರ್, ಕೇಳಿ ತಂದು ಮಾಸ್ಫೆಟ್ಟಿನ ಅಡ್ಡಕ್ಕೆ ಸೇರಿಸಿದೆ. ಈ ಕಂಡೆನ್ಸರ್ ಹೊಸ ಉಪಾಯವೇನಲ್ಲ. 1853ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಫಿಜೋ ಪ್ರೇರಣ ಸುರುಳಿಗೆ ಇದನ್ನು ಸೇರಿಸಿ ಕಿಡಿಯನ್ನು ಬಲಪಡಿಸಿದ್ದ, ಗ್ಯಾರೇಜಿನ ಮೆಕ್ಯಾನಿಕ್ಕುಗಳು ಅವನ ಹೆಸರು ಕೇಳದೆಯೇ ಒಂದು ಶತಮಾನ ಅದನ್ನು ಬದಲಾಯಿಸುತ್ತ ಬಂದಿದ್ದಾರೆ. ಎರಡಕ್ಕೂ ಸೇರಿ ನನಗೆ ನೂರೈವತ್ತು ರೂಪಾಯಿಯೂ ಖರ್ಚಾಗಲಿಲ್ಲ. ಕಿಡಿ ಮೂರೂವರೆಯಿಂದ ಏಳು ಮಿಲಿಮೀಟರಿಗೆ ಹೋಯಿತು, ಅಂದರೆ ನಮ್ಮ ಊರಿನ ಗಾಳಿಯಲ್ಲಿ ಸುಮಾರು 21,000 ವೋಲ್ಟ್. ಅರ್ಧ ಗಂಟೆ ನಡೆಸಿದರೂ ಮಾಸ್ಫೆಟ್ ಬೆಚ್ಚಗಾಯಿತೇ ಹೊರತು ಸುಡಲಿಲ್ಲ. ಅಂಗಡಿಯವರು ಮೊದಲೇ ಸರಿಯಾದ ಭಾಗ ಹಾಕಿದ್ದರೆ ಪೆಟ್ಟಿಗೆಯ ಬೆಲೆ ಅಷ್ಟರಮಟ್ಟಿಗೆ ಏರುತ್ತಿತ್ತು ಅಷ್ಟೆ.

ನಾಬ್ ಬಗ್ಗೆಯೂ ಒಂದು ಮಾತು ಹೇಳಬೇಕು. ಅದನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ‘ಗರಿಷ್ಠ ಶಕ್ತಿ’ ಎಂದು ಬೋರ್ಡಿನ ಮೇಲೆ ಬರೆದಿದೆ. ನಿಜದಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ದಪ್ಪ ಸುರುಳಿಯಲ್ಲಿ ವಿದ್ಯುತ್ತು ಪೂರ್ತಿ ಏರಲು ಕೆಲವು ಮಿಲಿಸೆಕೆಂಡುಗಳಾದರೂ ಬೇಕು. ವೇಗ ಹೆಚ್ಚಿಸುತ್ತ ಹೋದರೆ ಏರುವ ಮೊದಲೇ ಕಡಿದಂತಾಗಿ ಕಿಡಿ ಸಣಕಲಾಗುತ್ತದೆ, ಸದ್ದು ಮಾತ್ರ ಕೀರಲಾಗುತ್ತದೆ. ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ, ನಾಬಿನ ಮೂರನೆಯ ಒಂದು ಭಾಗದಲ್ಲಿ, ಕಿಡಿ ಅತ್ಯಂತ ಬಲವಾಗಿರುತ್ತದೆ.

ಒಂದು ವಾರದ ಬಳಕೆಯ ನಂತರ ಕಿಡಿ ಅಡ್ಡಾದಿಡ್ಡಿಯಾಗಿ, ಒಮ್ಮೆ ಐದು ಮಿಲಿಮೀಟರಿಗೆ, ಒಮ್ಮೆ ಏಳಕ್ಕೆ ಹಾರತೊಡಗಿತು. ಗುಂಡುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಎದುರುಮುಖಗಳಲ್ಲಿ ಕಂದುಬಣ್ಣದ ಕಲೆ, ಅದರ ನಡುವೆ ಉಗುರಿಗೆ ತಗಲುವಷ್ಟು ಸಣ್ಣ ಸಣ್ಣ ಗುಳಿ. ಸೂಚನಾಪತ್ರ ಈ ವಿಷಯದಲ್ಲಿ ಮೌನವಾಗಿದೆ. ನಮ್ಮ ಮನೆಯಲ್ಲಿ ಹಿತ್ತಾಳೆ ದೀಪಕ್ಕೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ: ನೆನೆಸಿದ ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಬಟ್ಟೆಯಲ್ಲಿ ಒರಸಿ, ಪೂರ್ತಿ ಒಣಗಲು ಒಂದು ಗಂಟೆ ಬಿಸಿಲಿಗಿಟ್ಟೆ. ಕಿಡಿ ಮತ್ತೆ ಏಳಕ್ಕೆ ಬಂದು ನಿಂತಿತು. 1887ರ ಸುಮಾರಿಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಇಂಥದೇ ಕಿಡಿಯಂತರದಿಂದ ವಿದ್ಯುತ್ಕಾಂತ ಅಲೆಗಳನ್ನು ತೋರಿಸಿದ ಹೈನ್ರಿಕ್ ಹರ್ಟ್ಸ್‌ಗೂ ಗುಂಡುಗಳ ಹೊಳಪು ಕಾಯ್ದುಕೊಳ್ಳುವುದು ಒಂದು ನಿತ್ಯದ ಕೆಲಸವಾಗಿತ್ತು.

ಹರ್ಟ್ಸ್‌ನ ಪ್ರಯೋಗದ ಚಿಕ್ಕ ರೂಪವನ್ನು ಈ ಕಿಟ್‌ನಲ್ಲಿ ಮಾಡಬಹುದು. ಪತ್ರದಲ್ಲಿ ಅದೂ ಇಲ್ಲ. ದಪ್ಪ ತಾಮ್ರದ ತಂತಿಯನ್ನು ಅಂಗೈ ಅಗಲದ ಬಳೆಯಂತೆ ಬಾಗಿಸಿ, ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು, ಕಿಡಿಯಂತರದಿಂದ ಒಂದು ಗೇಣು ದೂರದಲ್ಲಿ ಒಣಮರದ ಹಿಡಿಕೆಯಿಂದ ಹಿಡಿದರೆ ಆ ಸಂದಿನಲ್ಲಿಯೂ ಸೂಕ್ಷ್ಮವಾದ ಕಿಡಿ ಕಾಣಿಸುತ್ತದೆ. ಕೋಣೆ ಪೂರ್ತಿ ಕತ್ತಲಾಗಿರಬೇಕು, ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷವಾದರೂ ಬೇಕು. ಕಿಟಕಿಗೆ ಕಂಬಳಿ ಹೊದಿಸಿ ಕುಳಿತಿದ್ದಾಗ ಹುಡುಗಿ, “ಮಾವ, ಇದಕ್ಕೆ ತಂತಿಯೇ ಸೇರಿಸಿಲ್ಲವಲ್ಲ, ಎಲ್ಲಿಂದ ಬಂತು?” ಎಂದು ಕೇಳಿದಳು. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದಾಗ ಅಲ್ಲಿದ್ದವರೂ ಇದನ್ನೇ ಕೇಳಿರಬೇಕು.

ಟೆಸ್ಲಾ ಸುರುಳಿಯ ಭಾಗ ಈ ಕಿಟ್‌ನ ಅತ್ಯಂತ ಆಕರ್ಷಕ ಭಾಗವೂ ಹೌದು, ಅತ್ಯಂತ ಅವಸರದಲ್ಲಿ ಮಾಡಿದ ಭಾಗವೂ ಹೌದು. ಇಲ್ಲಿ ಕಿಡಿಯಂತರ ಸ್ವಿಚ್ಚಿನ ಕೆಲಸ ಮಾಡುತ್ತದೆ. ಇಗ್ನಿಷನ್ ಕಾಯಿಲ್ ಕೆಪಾಸಿಟರನ್ನು ತುಂಬುತ್ತದೆ. ಅದು ತುಂಬಿ ಕಿಡಿ ಹಾರಿದೊಡನೆ ಕೆಪಾಸಿಟರಿನ ವಿದ್ಯುತ್ತು 22 ಸುತ್ತಿನ ಸುರುಳಿಯಲ್ಲಿ ಉಯ್ಯಾಲೆಯಂತೆ ಹಿಂದುಮುಂದಾಗುತ್ತದೆ. ಆ ಉಯ್ಯಾಲೆಯ ಲಯವೂ ನಿಂತಿರುವ ಉದ್ದ ಸುರುಳಿಯ ಸಹಜ ಲಯವೂ ಒಂದಾದರೆ ಮಾತ್ರ ಶಕ್ತಿ ಮೇಲಕ್ಕೆ ದಾಟುತ್ತದೆ. ಸೂಚನಾಪತ್ರ 22 ಸುತ್ತುಗಳನ್ನೂ ಸೇರಿಸಲು ಹೇಳುತ್ತದೆ. ಹಾಗೆ ಮಾಡಿದರೆ ತುದಿಯಲ್ಲಿ ಏನೂ ಕಾಣುವುದಿಲ್ಲ, ಕಿಟ್ ಕೆಟ್ಟಿದೆಯೆಂದು ಅನೇಕರು ಮೂಲೆಗೆ ಎಸೆಯುವುದೂ ಈ ಹಂತದಲ್ಲಿಯೇ ಇರಬೇಕು. ನಾನು ಪ್ರತಿ ಸಲ ಪೂರೈಕೆ ತೆಗೆದು, ಕೆಪಾಸಿಟರನ್ನು ಬರಿದುಮಾಡಿ, ಮೊಸಳೆ ಕ್ಲಿಪ್ಪನ್ನು ಒಂದೊಂದೇ ಸುತ್ತು ಕೆಳಗಿಳಿಸುತ್ತ ಹೋದೆ. ಇಪ್ಪತ್ತರಲ್ಲಿ ತುದಿಯಲ್ಲಿ ನೇರಳೆ ಮಿನುಗು; ಹತ್ತೊಂಬತ್ತರಲ್ಲಿ ಒಂದೂವರೆ ಸೆಂಟಿಮೀಟರಿನ, ಎಳೆಎಳೆಯಾಗಿ ಕವಲೊಡೆದ ಮಿಂಚು; ಹದಿನೆಂಟರಲ್ಲಿ ಮತ್ತೆ ಮಂಕು. ಇಡೀ ವ್ಯತ್ಯಾಸ ಒಂದೇ ಸುತ್ತಿನಲ್ಲಿ ಅಡಗಿತ್ತು. ಗುಂಡುಗಳ ಅಂತರವನ್ನೂ ಇಲ್ಲಿ ಎರಡು ಮಿಲಿಮೀಟರಿಗೆ ಇಳಿಸಬೇಕು, ಏಕೆಂದರೆ ಕಾಯಿಲಿನ ಒಂದು ಮಿಡಿತದಲ್ಲಿರುವ ಶಕ್ತಿಗೆ ಆ ಕೆಪಾಸಿಟರನ್ನು ಏಳು ಸಾವಿರ ವೋಲ್ಟಿಗಿಂತ ಹೆಚ್ಚು ತುಂಬುವುದು ಕಷ್ಟ.

ಲಕ್ಷ ವೋಲ್ಟಿನ ಮಾತು ಈ ಸುರುಳಿಯ ತುದಿಗೆ ಅನ್ವಯಿಸುತ್ತದೆ ಎಂದು ಅಂಗಡಿಯವರು ವಾದಿಸಬಹುದು, ಆದ್ದರಿಂದ ಆ ಲೆಕ್ಕವನ್ನೂ ಮಾಡಿದೆ. ಒಂದು ನ್ಯಾನೊಫ್ಯಾರಡ್ ಕೆಪಾಸಿಟರ್ ಏಳು ಸಾವಿರ ವೋಲ್ಟಿನಲ್ಲಿ ಹಿಡಿದಿಡುವ ಶಕ್ತಿ ಒಂದು ಜೌಲಿನ ನಲವತ್ತನೆಯ ಒಂದು ಭಾಗ. ಅದರಲ್ಲಿ ಒಂದಿಷ್ಟೂ ಕಿಡಿಯ ಬಿಸಿಯಲ್ಲಿ ಪೋಲಾಗದೆ ಪೂರ್ತಿ ಮೇಲಕ್ಕೆ ದಾಟಿತೆಂದೇ ಇಟ್ಟುಕೊಂಡರೂ, ಈ ಗಾತ್ರದ ಸುರುಳಿ ಮತ್ತು ಅದರ ತಲೆಯ ಗುಂಡಿನ ಎಂಟು ಪಿಕೊಫ್ಯಾರಡ್ (ಸಾವಿರ ಪಿಕೊಫ್ಯಾರಡ್ ಸೇರಿದರೆ ಒಂದು ನ್ಯಾನೊಫ್ಯಾರಡ್) ಧಾರಕತೆಗೆ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಸಾಮರ್ಥ್ಯಕ್ಕೆ, ಸಿಗುವುದು ಎಂಬತ್ತು ಸಾವಿರ ವೋಲ್ಟಿನ ಒಳಗೆ. ನಷ್ಟವೇ ಇಲ್ಲದ ಸ್ವರ್ಗದಲ್ಲಿಯೂ ಲಕ್ಷ ತಲುಪುವುದಿಲ್ಲ.

ಈ ಸುರುಳಿಯ ಸಹಜ ಲಯ ಸೆಕೆಂಡಿಗೆ ಎಂಟು ಲಕ್ಷ ಸಲದ ಆಸುಪಾಸು ಬರುತ್ತದೆ, ಅದು ನೇರವಾಗಿ ಮೀಡಿಯಂ ವೇವ್ ರೇಡಿಯೊದ ಪಟ್ಟಿಯಲ್ಲಿಯೇ ಬೀಳುತ್ತದೆ. ಕಿಡಿಯ ಅಲೆಗಳು ಒಂದೇ ಜಾಗದಲ್ಲಿ ನಿಲ್ಲುವವೂ ಅಲ್ಲ, ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತವೆ; ಮಹಡಿಯ ಮೇಲಿಟ್ಟಿದ್ದ ನಮ್ಮ ಟ್ರಾನ್ಸಿಸ್ಟರ್ ರೇಡಿಯೊದಲ್ಲಿ 612 ಕಿಲೋಹರ್ಟ್ಸಿನ ಬೆಂಗಳೂರು ಆಕಾಶವಾಣಿಯಿಂದ ಹಿಡಿದು ಮುಳ್ಳಿನ ಕೊನೆಯವರೆಗೂ ಗರಗರ ಸದ್ದೇ ಕೇಳುತ್ತಿತ್ತು. ಹಡಗುಗಳೂ ದಡದ ನಿಲ್ದಾಣಗಳೂ ಒಂದು ಕಾಲದಲ್ಲಿ ಕಿಡಿಯಂತರದಿಂದಲೇ ಸಂದೇಶ ಕಳಿಸುತ್ತಿದ್ದವು. ಒಬ್ಬರು ಮಾತಾಡಿದರೆ ಎಲ್ಲರ ಬಾಯಿ ಮುಚ್ಚಿಸುವ ಈ ಗುಣದಿಂದಾಗಿಯೇ 1920 ಮತ್ತು 30ರ ದಶಕಗಳಲ್ಲಿ ಅಂತಾರಾಷ್ಟ್ರೀಯ ಒಪ್ಪಂದಗಳು ಅವನ್ನು ಹಂತಹಂತವಾಗಿ ತೆರೆಮರೆಗೆ ಸರಿಸಿದವು. ಆದ್ದರಿಂದ ಈ ಭಾಗವನ್ನು ಕೆಲವೇ ಸೆಕೆಂಡುಗಳ ಕಾಲ ನಡೆಸಿ ನಿಲ್ಲಿಸಬೇಕು, ಆಂಟೆನಾ ಆಗಬಲ್ಲ ಉದ್ದನೆಯ ತಂತಿಯನ್ನು ಯಾವ ಕಾರಣಕ್ಕೂ ಸೇರಿಸಬಾರದು. ಲ್ಯಾಪ್‌ಟಾಪ್, ಮೊಬೈಲುಗಳು ಬೇರೆ ಕೋಣೆಯಲ್ಲಿರಲಿ.

ಅಯಸ್ಕಾಂತಗಳ ಭಾಗ ಚಿಕ್ಕದು, ಆದರೆ ಚೊಕ್ಕ. ಕಿಡಿಯಂತರದ ಪಕ್ಕದಲ್ಲಿ ಉಂಗುರ ಅಯಸ್ಕಾಂತವನ್ನು ಮರದ ತುಂಡಿನ ಮೇಲೆ ನಿಲ್ಲಿಸಿದರೆ ನೇರವಾಗಿದ್ದ ಕಿಡಿ ಬಿಲ್ಲಿನಂತೆ ಒಂದು ಕಡೆಗೆ ಬಾಗುತ್ತದೆ. ಅಯಸ್ಕಾಂತವನ್ನು ತಿರುವಿ ಇಟ್ಟರೆ ಇನ್ನೊಂದು ಕಡೆಗೆ. ಹರಿಯುವ ವಿದ್ಯುತ್ತನ್ನು ಕಾಂತಕ್ಷೇತ್ರ ಅಡ್ಡಕ್ಕೆ ತಳ್ಳುತ್ತದೆಂಬ ನಿಯಮವನ್ನು ಕಪ್ಪುಹಲಗೆಯ ಮೇಲೆ ಎಡಗೈ ಬೆರಳು ಚಾಚಿ ಕಲಿಸುವವರು ಇದನ್ನೊಮ್ಮೆ ನೋಡಬೇಕು. ಕಿಡಿ ಎರಡೂ ಬದಿಗೆ ಹರಡದೆ ಒಂದೇ ಬದಿಗೆ ಬಾಗುವುದರಿಂದ, ಇಗ್ನಿಷನ್ ಕಾಯಿಲಿನ ವಿದ್ಯುತ್ತು ಮನೆಯ ಎಸಿಯಂತೆ ದಿಕ್ಕು ಬದಲಿಸುತ್ತ ಹೋಗುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಕಾರ್ಖಾನೆಗಳ ದೊಡ್ಡ ಕಾಂಟ್ಯಾಕ್ಟರುಗಳಲ್ಲಿ ಸ್ವಿಚ್ ಬಿಡುವಾಗ ಏಳುವ ಜ್ವಾಲೆಯನ್ನು ಊದಿ ಆರಿಸಲು ಬಳಸುವುದೂ ಇದೇ ತಂತ್ರವನ್ನು.

ನಿಯೋಡಿಮಿಯಂ ಬಿಲ್ಲೆಗಳ ವಿಷಯದಲ್ಲಿ ನನ್ನದೊಂದು ದೂರಿದೆ. ಅವನ್ನು ಎರಡು ದಿಕ್ಸೂಚಿಗಳ ಜೊತೆಗೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಚೀಲ ಬಿಚ್ಚಿ ಮೇಜಿನ ಮೇಲಿಟ್ಟಾಗ ಒಂದು ದಿಕ್ಸೂಚಿಯ ಕೆಂಪು ಮುಳ್ಳು ನಮ್ಮ ಅಡುಗೆಮನೆಯ ಕಡೆಗೆ, ಇನ್ನೊಂದರದ್ದು ಬೀದಿಬಾಗಿಲ ಕಡೆಗೆ ತಿರುಗಿ ನಿಂತಿತು. ಬಲವಾದ ಅಯಸ್ಕಾಂತದ ಸಹವಾಸದಲ್ಲಿ ತಿಂಗಳುಗಟ್ಟಲೆ ಇದ್ದ ಸಣ್ಣ ಮುಳ್ಳೊಂದು ತನ್ನ ಧ್ರುವವನ್ನೇ ಅದಲುಬದಲು ಮಾಡಿಕೊಂಡಿತ್ತು. ತಿಳಿದವರಿಗೆ ಇದೂ ಒಂದು ಪ್ರಯೋಗವೇ. ಬಿಲ್ಲೆಯನ್ನು ಮುಳ್ಳಿನ ಮೇಲೆ ಸರಿಯಾದ ದಿಕ್ಕಿನಲ್ಲಿ ಎಳೆದು ನಾನು ಅದನ್ನು ಮತ್ತೆ ಉತ್ತರಕ್ಕೆ ತಂದೆ. ಆದರೆ ತಿಳಿಯದ ಮಗುವೊಂದು ಆ ದಿಕ್ಸೂಚಿಯಿಂದ ಸುರುಳಿಯ ಧ್ರುವಗಳನ್ನು ಗುರುತಿಸಲು ಹೊರಟರೆ ಕಲಿಯುವುದೆಲ್ಲ ತಿರುಗಾಮುರುಗಾ ಆಗುತ್ತದೆ. ಬಿಲ್ಲೆಗಳನ್ನು ಕಿಡಿಗೆ ತೀರ ಹತ್ತಿರ ಹಿಡಿಯಲೂಬಾರದು. ಅವುಗಳ ನಿಕ್ಕಲ್ ಲೇಪದ ಮೈಗೆ ಕಿಡಿಯೇ ಹಾರುತ್ತದೆ, ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳಲಾರಂಭಿಸುತ್ತವೆ.

ಇನ್ನು ಸೂಚನಾಪತ್ರ. ಇದರ ಇಂಗ್ಲಿಷು ಎಲ್ಲಿಂದಲೋ ಎತ್ತಿದ್ದು, ಚಿತ್ರಗಳು ಬೇರೆ ಯಾವುದೋ ಬೋರ್ಡಿನವು, ಇವೆಲ್ಲವನ್ನೂ ಕ್ಷಮಿಸಬಹುದು. ಕ್ಷಮಿಸಲಾಗದ್ದು ಕೊನೆಯ ಪುಟದ ಒಂದು ಸಾಲು: ‘ಹೆಚ್ಚಿನ ಶಕ್ತಿ ಬೇಕಾದವರು ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಳಸಬಹುದು’ ಎಂಬ ಅರ್ಥದ ಸಲಹೆ. ಇದನ್ನು ಬರೆದವರಿಗೆ ವೋಲ್ಟಿಗೂ ಆಂಪಿಯರಿಗೂ ಇರುವ ವ್ಯತ್ಯಾಸ ಗೊತ್ತಿಲ್ಲ, ಇಲ್ಲವೇ ಓದುವವರ ಜೀವದ ಬೆಲೆ ಗೊತ್ತಿಲ್ಲ. ಇಗ್ನಿಷನ್ ಕಾಯಿಲಿನ 21,000 ವೋಲ್ಟ್ ತಗುಲಿದರೆ ಕೈ ಜಗ್ಗಿ ಹಿಂದಕ್ಕೆ ಬರುತ್ತದೆ, ನೋವಾಗುತ್ತದೆ, ಹೃದಯದ ತೊಂದರೆ ಇರುವವರಿಗೆ ಅದೂ ಅಪಾಯವೇ. ಆದರೆ ಅದರ ಒಂದು ಮಿಡಿತದಲ್ಲಿರುವ ಶಕ್ತಿ ಅಲ್ಪ. ಮೈಕ್ರೋವೇವ್ ಟ್ರಾನ್ಸ್‌ಫಾರ್ಮರಿನಲ್ಲಿ ಇರುವುದು ಎರಡು ಸಾವಿರ ವೋಲ್ಟ್ ಮಾತ್ರ, ಆದರೆ ಅದರ ಹಿಂದೆ ಇಡೀ ಬೀದಿಯ ವಿದ್ಯುತ್ತು ನಿಂತಿರುತ್ತದೆ. ಅರ್ಧ ಆಂಪಿಯರನ್ನು ಎಡೆಬಿಡದೆ ಕೊಡಬಲ್ಲ ಅದು, ಹಿಡಿದವರನ್ನು ಬಿಡುವುದಿಲ್ಲ, ಎರಡನೆಯ ಸಲ ಎಚ್ಚರಿಕೆ ಕಲಿಯಲು ಅವಕಾಶವನ್ನೂ ಕೊಡುವುದಿಲ್ಲ. ಮರದ ಮೇಲೆ ಮಿಂಚಿನಾಕಾರದ ಚಿತ್ರ ಸುಡಲು ಅದನ್ನು ಬಳಸಿದ ಹವ್ಯಾಸಿಗಳು ಹಲವು ದೇಶಗಳಲ್ಲಿ ಸತ್ತಿದ್ದಾರೆ. ಈ ಕಿಟ್ ಕೊಳ್ಳುವವರು ಮೊದಲು ಮಾಡಬೇಕಾದ ಕೆಲಸ ಆ ಪುಟವನ್ನು ಹರಿದು ಹಾಕುವುದು.

ನಾನು ಅನುಸರಿಸಿದ ಕ್ರಮ ಇಷ್ಟೆ. ಒಣಮರದ ಮೇಜು, ಕಾಲಿಗೆ ರಬ್ಬರ್ ಚಪ್ಪಲಿ, ಮೈಮೇಲೆ ಉಂಗುರ-ಬಳೆ ಇಲ್ಲ, ಒಂದು ಕೈ ಯಾವಾಗಲೂ ಬೆನ್ನ ಹಿಂದೆ. ಏನನ್ನು ಮುಟ್ಟುವ ಮೊದಲೂ ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಉದ್ದ ಪಿವಿಸಿ ಕೊಳವೆಗೆ ಕಟ್ಟಿದ ತಂತಿಯಿಂದ ಕೆಪಾಸಿಟರಿನ ತುದಿಗಳನ್ನು ಸೇರಿಸಿ ಬರಿದುಮಾಡುವುದು. ಕಿಟ್‌ನಲ್ಲಿ ಇದಕ್ಕೊಂದು ರೆಸಿಸ್ಟರ್ ಕೂಡ ಇಟ್ಟಿಲ್ಲ. ಗುಂಡುಗಳನ್ನು ಹತ್ತು ಮಿಲಿಮೀಟರಿಗಿಂತ ದೂರ ಸರಿಸಬಾರದು, ಏಕೆಂದರೆ ಹೊರಗೆ ದಾರಿ ಸಿಗದ ಕಿಡಿ ಕಾಯಿಲಿನ ಒಳಗೇ ದಾರಿ ಹುಡುಕಿಕೊಂಡು ಅದನ್ನು ಸುಟ್ಟುಬಿಡುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಿಟಕಿ ತೆರೆಯಬೇಕು. ಮಳೆಯ ಮಿಂಚಿನ ನಂತರದ ವಾಸನೆಯಂತೆ ಮೂಗಿಗೆ ಚುಚ್ಚುವ ಆ ಗಾಳಿ ಓಝೋನ್, ಅದು ಹಿತವೆನಿಸಿದರೂ ಶ್ವಾಸಕೋಶಕ್ಕೆ ಹಿತವಲ್ಲ. ಪೇಸ್‌ಮೇಕರ್ ಇರುವವರು ಕೋಣೆಯಲ್ಲಿಯೇ ಇರಬಾರದು.

ಪಿಯು ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರಿಗೆ, ಸೋಲ್ಡರ್ ಹಿಡಿಯಲು ಬರುವ ಹವ್ಯಾಸಿಗಳಿಗೆ ಇದನ್ನು ಕೊಳ್ಳಿ ಎಂದೇ ಹೇಳುತ್ತೇನೆ. ಬಿಡಿಬಿಡಿಯಾಗಿ ಕೂಡಿಸಲು ಹೊರಟರೆ ಹಿತ್ತಾಳೆ ಗುಂಡುಗಳನ್ನು ಲೇತಿನಲ್ಲಿ ತಿರುಗಿಸಿಕೊಡಲು ಒಬ್ಬರನ್ನು, ಏಳುನೂರು ಸುತ್ತು ತಂತಿಯನ್ನು ಒಂದರ ಮೇಲೊಂದು ಹತ್ತದಂತೆ ಸುತ್ತಲು ಇನ್ನೊಬ್ಬರನ್ನು ಹುಡುಕಬೇಕಾಗುತ್ತದೆ, ಆ ಅಲೆದಾಟಕ್ಕೇ ಎರಡು ಸಾವಿರ ರೂಪಾಯಿ ಮುಗಿಯುತ್ತದೆ. ಹುಟ್ಟುಹಬ್ಬದ ಉಡುಗೊರೆಯಾಗಿ ಮಗುವಿನ ಕೈಗೆ ಕೊಡಲು ಇದು ತಕ್ಕ ವಸ್ತುವಲ್ಲ.

ಸತ್ತ ಮಾಸ್ಫೆಟ್ಟನ್ನೂ ನನ್ನ ಲೆಕ್ಕದ ಹಾಳೆಯನ್ನೂ ಹಿಡಿದು ಹೋದ ವಾರ ಅಂಗಡಿಗೆ ಹೋಗಿದ್ದೆ. ಮಾಲೀಕರು ಹಾಳೆಯನ್ನು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. “ಸಾರ್, ಲಕ್ಷ ಅಂತ ಹಾಕದೆ ಇದ್ರೆ ಯಾರೂ ಪೆಟ್ಟಿಗೆ ಎತ್ತಿ ನೋಡೋದೂ ಇಲ್ಲ,” ಎಂದರು, ನಾಚಿಕೆಯೇನೂ ಇಲ್ಲದೆ. ಮೈಕ್ರೋವೇವ್ ಸಾಲನ್ನು ತೋರಿಸಿದಾಗ ಮಾತ್ರ ಮುಖ ಗಂಭೀರವಾಯಿತು. ಅಲ್ಲಿದ್ದ ಹುಡುಗನನ್ನು ಕರೆದು, ಕಪಾಟಿನಲ್ಲಿದ್ದ ಪೆಟ್ಟಿಗೆಗಳಿಂದ ಆ ಹಾಳೆಯನ್ನು ತೆಗೆದುಬಿಡಲು ನನ್ನೆದುರಿಗೇ ಹೇಳಿದರು. ಮಾಸ್ಫೆಟ್ಟಿನ ಹಣ ವಾಪಸು ಕೊಡಲಿಲ್ಲ. ಹೊಸದೊಂದು ದಿಕ್ಸೂಚಿ ಕೊಟ್ಟರು, ಈ ಸಲ ಹಳೆಯ ಪೇಪರಿನಲ್ಲಿ ಬೇರೆಯಾಗಿ ಸುತ್ತಿ.